ಗಂಟೆ ಕೂಗಿದರೆ ಕೇಳುವವರಾರು?

ಬೀಗರ ಮನೆಯಲ್ಲಿ ಮದುವೆಯೆಂದರೆ ನಮ್ಮ ಮನೆಗೆ ಬೀಗ. ಕನ್ನಡದಲ್ಲಿ ಈ ಎರಡು ಮಾತುಗಳು ಇಷ್ಟು ಹತ್ತಿರ ಬಂದುದು ಆಕಸ್ಮಿಕವೇ ಇರಬಹುದು. ಆದರೆ ಪಟ್ಟಣದ ಸಂಸಾರಗಳ ಮಟ್ಟಿಗೆ ಅವೆರಡೂ ಒಂದೇ ದಿನ ಕೂಡಿಬರುತ್ತವೆಂಬುದು ನಿಜ. ಹಿಂದೆ ಹಾಗಿರಲಿಲ್ಲ. ಮನೆಮಂದಿಯೆಲ್ಲ ದಿಬ್ಬಣಕ್ಕೆ ಹೊರಟರೂ ಒಬ್ಬ ಅಜ್ಜಿಯೋ, ಕಾಲುನೋವಿನ ದೊಡ್ಡಪ್ಪನೋ, ಪರೀಕ್ಷೆಗೆ ಓದುವ ಹುಡುಗನೋ ಮನೆಯಲ್ಲಿ ಉಳಿದೇ ಉಳಿಯುತ್ತಿದ್ದರು. ಜಗುಲಿಯ ಮೇಲೆ ಕುಳಿತು, ಬೀದಿಯಲ್ಲಿ ಹೋಗುವ ಹೊಸ ಮುಖಗಳನ್ನೆಲ್ಲ “ಯಾರದು? ಯಾರ ಮನೆಗೆ ಬಂದದ್ದು?” ಎಂದು ವಿಚಾರಿಸುತ್ತಿದ್ದ ಆ ಅಜ್ಜಿಗಿಂತ ಚುರುಕಾದ ಯಂತ್ರವನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿದಂತೆ ಕಾಣೆ.

ಈಗ ಗಂಡಹೆಂಡಿರಿಬ್ಬರೂ ಕಚೇರಿಗೆ, ಮಕ್ಕಳು ಶಾಲೆಗೆ. ಬೆಳಗಿನ ಒಂಬತ್ತರಿಂದ ಸಂಜೆಯ ಆರರವರೆಗೆ ಮನೆಯೊಳಗೆ ಇರುವುದು ಗಡಿಯಾರದ ಸದ್ದು ಮಾತ್ರ. ಮಕ್ಕಳು ಪರದೇಶದಲ್ಲಿ ನೆಲೆಸಿದ ಮನೆಗಳಲ್ಲಿ ವೃದ್ಧ ದಂಪತಿಗಳಿಬ್ಬರೇ. ಹೀಗಿರಲು “ಮನೆಗೆ ಒಂದು ಅಲಾರಂ ಹಾಕಿಸಬೇಕೆಂದಿದ್ದೇವೆ, ಯಾವುದು ಒಳ್ಳೆಯದು? ಎಷ್ಟು ಖರ್ಚಾದೀತು?” ಎಂದು ಕೇಳುವವರು ಹೆಚ್ಚಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೇಳುವವರಿಗೆ ಉತ್ತರ ಕೊಡುವ ಮೊದಲು ನಾವು ಅವರನ್ನೇ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಆ ಗಂಟೆ ಕೂಗಿದಾಗ ಕೇಳಿಸಿಕೊಳ್ಳುವವರು ಯಾರು? ಕೇಳಿಸಿಕೊಂಡವರಲ್ಲಿ ಎದ್ದು ಬರುವವರು ಯಾರು? ಇದಕ್ಕೆ ಉತ್ತರ ದೊರೆತರೆ ಯಾವ ಯಂತ್ರವೆಂಬುದು ಅರ್ಧ ತೀರ್ಮಾನವಾದಂತೆ. ದೊರೆಯದಿದ್ದರೆ ಎಷ್ಟು ಸಾವಿರ ರೂಪಾಯಿ ಸುರಿದರೂ ಗೋಡೆಯ ಮೇಲೆ ಒಂದು ಪೆಟ್ಟಿಗೆ ತೂಗಾಡುತ್ತದೆ, ಅಷ್ಟೇ.

ಕಳ್ಳನ ವಿದ್ಯೆ ಹಳೆಯದು; ಅವನನ್ನು ಹಿಡಿಯುವ ಸದ್ದೂ ಹಳೆಯದೇ. ನಮ್ಮ ಪೊಲೀಸ್ ಠಾಣೆಗಳಲ್ಲಿ ಇಂದಿಗೂ ‘ಕನ್ನ ಕಳವು’ ಎಂಬ ಮಾತೇ ಬಳಕೆಯಲ್ಲಿದೆ. ಮಣ್ಣಿನ ಗೋಡೆ ಹೋಗಿ ಕಾಂಕ್ರೀಟು ಬಂದು ಎಷ್ಟೋ ಕಾಲವಾಯಿತು, ಕನ್ನ ಕೊರೆಯುವವನು ಈಗ ಚಿಲಕ ಮುರಿಯುತ್ತಾನೆ. ಹೆಸರು ಮಾತ್ರ ಉಳಿದಿದೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ಬಲ್ಲವರಿಗೆ ಅದರ ಮೂರನೆಯ ಅಂಕದ ಶರ್ವಿಲಕ ನೆನಪಿರಬಹುದು. ಚಾರುದತ್ತನ ಮನೆಗೆ ಕನ್ನ ಹಾಕುವಾಗ ಆತ ಅಳತೆಯ ದಾರ ಮರೆತು ಬಂದು ತನ್ನ ಜನಿವಾರದಿಂದಲೇ ಅಳೆಯುತ್ತಾನೆ. ತಾನು ನುಗ್ಗುವ ಮುನ್ನ ಒಂದು ಸುಳ್ಳು ಮನುಷ್ಯಾಕೃತಿಯನ್ನು ಒಳಗೆ ತೂರಿಸಿ ನೋಡುತ್ತಾನೆ. ಒಳಹೊಕ್ಕ ಮೇಲೆ, ಹಳೆಯ ಕದ ಕಿರುಗುಟ್ಟೀತೆಂದು ಅದರ ಮೇಲೆ ನೀರು ಚಿಮುಕಿಸುತ್ತಾನೆ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಅಂದಿನ ಮನೆಯ ಅಲಾರಂ ಎಂದರೆ ಆ ಕಿರುಗುಟ್ಟುವ ಕದ. ಬುದ್ಧಿವಂತ ಕಳ್ಳ ಮೊದಲು ಕೈಹಾಕಿದ್ದು ಒಡವೆಗಲ್ಲ, ಸದ್ದಿಗೆ. ಇಂದಿನ ಕಳ್ಳ ಒಳಬರುವ ಮುನ್ನ ಮೀಟರ್ ಬೋರ್ಡಿನ ಸ್ವಿಚ್ಚನ್ನು ಕೆಳಗೆಳೆಯುವುದೂ ಅದೇ ವಿದ್ಯೆಯ ಮುಂದುವರಿಕೆ. ಅಂದಹಾಗೆ, ವಸಂತಸೇನೆಯ ಒಡವೆಯ ಗಂಟನ್ನು ಶರ್ವಿಲಕನ ಕೈಗೆ ಕೊಟ್ಟವನು ನಿದ್ದೆಗಣ್ಣಿನಲ್ಲಿ ಬಡಬಡಿಸುತ್ತಿದ್ದ ಮೈತ್ರೇಯ. ಯಾವ ಅಲಾರಮಿಗೂ ಅಂಥವರಿಂದ ರಕ್ಷಣೆ ಕೊಡಲು ಸಾಧ್ಯವಿಲ್ಲ.

ವಿದ್ಯುತ್ತಿನ ಅಲಾರಮಿನ ಕಥೆ 1853ರಲ್ಲಿ ಮೊದಲಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಗಸ್ಟಸ್ ರಸೆಲ್ ಪೋಪ್ ಎಂಬಾತ ಆ ವರ್ಷದ ಜೂನ್ 21ರಂದು ಅದಕ್ಕೆ ಹಕ್ಕುಪತ್ರ ಪಡೆದ. ಬಾಗಿಲು ಅಥವಾ ಕಿಟಕಿ ತೆರೆದರೆ ವಿದ್ಯುನ್ಮಂಡಲದಲ್ಲಿ ವ್ಯತ್ಯಾಸವಾಗಿ ವಿದ್ಯುತ್ಕಾಂತವೊಂದು ಗಂಟೆ ಬಾರಿಸುವ ಏರ್ಪಾಡು ಅದು. 1857ರಲ್ಲಿ ಅದರ ಹಕ್ಕುಗಳನ್ನು ಕೊಂಡ ಎಡ್ವಿನ್ ಹೋಮ್ಸ್ ಎರಡು ವರ್ಷಗಳ ನಂತರ ತನ್ನ ವ್ಯಾಪಾರವನ್ನು ನ್ಯೂಯಾರ್ಕಿಗೆ ಸಾಗಿಸಿದ. ಗಂಟೆ ಬಾರಿಸಿದರಷ್ಟೇ ಸಾಲದು, ಕೇಳುವವನೊಬ್ಬ ಬೇಕೆಂಬುದನ್ನು ಹೋಮ್ಸ್ ಬಹುಬೇಗ ಕಂಡುಕೊಂಡನೆನ್ನಬೇಕು. ಕ್ರಮೇಣ ಗಿರಾಕಿಗಳ ಕಟ್ಟಡಗಳಿಂದ ತಂತಿಗಳನ್ನು ತನ್ನ ಕೇಂದ್ರ ಕಚೇರಿಗೇ ಎಳೆದು ತಂದು ಅಲ್ಲಿ ಜನರನ್ನು ಕೂರಿಸಿದ. 1877ರಲ್ಲಿ ಬಾಸ್ಟನ್ನಿನಲ್ಲಿ ಟೆಲಿಫೋನ್ ವಿನಿಮಯದ ಮೊದಲ ಪ್ರಯೋಗ ನಡೆದುದೂ ಇದೇ ಹೋಮ್ಸ್ ಮನೆತನದ ಅಲಾರಂ ತಂತಿಗಳ ಮೇಲೆಯೇ.

ಇದಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದುದು ಮೇರಿ ವಾನ್ ಬ್ರಿಟನ್ ಬ್ರೌನ್ ಎಂಬ ದಾದಿಯ ವೃತ್ತಾಂತ. ಆಕೆ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದವರು. ಆಕೆಯದೂ ಪತಿಯದೂ ಹೊತ್ತುಗೊತ್ತಿಲ್ಲದ ಕೆಲಸ. ಎಷ್ಟೋ ರಾತ್ರಿ ಮನೆಯಲ್ಲಿ ಒಂಟಿ. ಬೀದಿ ಸುರಕ್ಷಿತವಲ್ಲ, ಕರೆದರೆ ಪೊಲೀಸರು ಬರುವುದು ತಡ. ಪತಿ ಎಲೆಕ್ಟ್ರಾನಿಕ್ಸ್ ಬಲ್ಲವರು. ದಂಪತಿಗಳಿಬ್ಬರೂ ಸೇರಿ, ಬಾಗಿಲಿನಲ್ಲಿ ಬೇರೆ ಬೇರೆ ಎತ್ತರದ ನಾಲ್ಕು ಇಣುಕುಗಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಅದರ ಚಿತ್ರ ತೋರುವ ಪರದೆ, ಹೊರಗಿನವರೊಡನೆ ಮಾತನಾಡಲು ಮೈಕು, ಅಪಾಯವೆನಿಸಿದರೆ ಒತ್ತಲು ಒಂದು ಗುಂಡಿ, ಇಷ್ಟನ್ನೂ ಕೂಡಿಸಿ 1966ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ದೊರೆಯಿತು. ಇಂದು ಅಂಗಡಿಯಲ್ಲಿ ‘ವಿಡಿಯೋ ಡೋರ್ ಫೋನ್’ ಎಂದು ಮಾರುವ ಸಾಮಾನಿನ ಹಿಂದೆ ಒಂಟಿ ರಾತ್ರಿಗಳನ್ನು ಕಳೆದ ಒಬ್ಬ ಹೆಂಗಸಿನ ಭಯವಿದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಅವರಿಗೂ ಪ್ರಾಯಶಃ ತಿಳಿದಿರಲಾರದು.

ಅಲಾರಂ ಇದ್ದರೆ ಕಳ್ಳ ಬರುವುದೇ ಇಲ್ಲವೇ? ಈ ಬಗ್ಗೆ ತಿಳಿದವರು ಹೇಳುವುದು ಒಂದೇ ರೀತಿಯಾಗಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಷಾರ್ಲಟ್ ಶಾಖೆಯವರು ಸೆರೆಮನೆಯಲ್ಲಿದ್ದ 422 ಮಂದಿ ಮನೆಗಳ್ಳರನ್ನೇ ಪ್ರಶ್ನಿಸಿದರು. ಅವರಲ್ಲಿ ನೂರಕ್ಕೆ ಸುಮಾರು 83 ಮಂದಿ, ಒಳನುಗ್ಗುವ ಮುನ್ನ ಅಲಾರಂ ಇದೆಯೇ ಎಂದು ನೋಡುವುದಾಗಿಯೂ, ಸುಮಾರು 60 ಮಂದಿ ಇದ್ದರೆ ಬೇರೆ ಮನೆ ನೋಡಿಕೊಳ್ಳುವುದಾಗಿಯೂ ಹೇಳಿದರು. ಕೇಳಲು ಹಿತವಾಗಿದೆ, ಆದರೆ ಆ ಅಧ್ಯಯನಕ್ಕೆ ಹಣ ಒದಗಿಸಿದ್ದು ಅಲಾರಂ ಉದ್ಯಮದವರದೇ ಪ್ರತಿಷ್ಠಾನವೆಂಬುದನ್ನೂ ಜೊತೆಗೇ ನೆನೆಯಬೇಕು. ಇತ್ತ 2015ರಲ್ಲಿ ಬ್ರಿಟನ್ನಿನ ವಿದ್ವಾಂಸರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ಸಮೀಕ್ಷೆಯ ಅಂಕಿಗಳನ್ನು ಪರಿಶೀಲಿಸಿ, “ಅಲಾರಂ ಕಳವಿನ ಅಪಾಯವನ್ನು ಹೆಚ್ಚಿಸುತ್ತದೆಯೇ?” ಎಂದೇ ಕೇಳಿಕೊಳ್ಳಬೇಕಾಯಿತು. ಬೇರೆ ಭದ್ರತೆ ಏನೂ ಇಲ್ಲದೆ ಅಲಾರಮನ್ನು ಮಾತ್ರ ನಂಬಿದ ಮನೆಗಳು ಸುರಕ್ಷಿತವಾಗಿ ಕಾಣಲಿಲ್ಲ. ಬಾಗಿಲಿಗೆ ಜೋಡಿ ಬೀಗ, ಕಿಟಕಿಗೆ ಬೀಗ, ಒಳಗೆ ಹೊತ್ತಿಗೆ ತಾನೇ ಉರಿಯುವ ದೀಪ, ಹೊರಗೆ ಆಳು ಸುಳಿದರೆ ಹೊತ್ತಿಕೊಳ್ಳುವ ದೀಪ, ಈ ನಾಲ್ಕೂ ಕೂಡಿದ ಮನೆಗಳು ಬಹಳ ಭದ್ರವಾಗಿದ್ದುವು.

ಇದರಿಂದ ಅಲಾರಂ ವ್ಯರ್ಥವೆಂದು ತೀರ್ಮಾನಿಸಬಾರದು. ಅದರ ಕೆಲಸವೇನೆಂದು ಸರಿಯಾಗಿ ತಿಳಿದುಕೊಳ್ಳಬೇಕು. ಕಳ್ಳನಿಗೆ ಬೇಕಾದುದು ಸದ್ದಿಲ್ಲದ ಕೆಲವು ನಿಮಿಷ. ಭದ್ರವಾದ ಬಾಗಿಲು ಆ ನಿಮಿಷಗಳನ್ನು ಉದ್ದಮಾಡುತ್ತದೆ. ಅಲಾರಂ ಅವುಗಳ ಮೌನವನ್ನು ಕೆಡಿಸುತ್ತದೆ. ಬಾಗಿಲು ಒಂದೇ ಒದೆತಕ್ಕೆ ಬೀಳುವಂತಿದ್ದರೆ ಗಂಟೆ ಕೂಗಿ ಮುಗಿಯುವಷ್ಟರಲ್ಲಿ ಬೀರು ಬರಿದಾಗಿರುತ್ತದೆ. ಆದುದರಿಂದ ಅಲಾರಮಿಗೆಂದು ಎತ್ತಿಟ್ಟ ಹಣದ ಮೊದಲ ಪಾಲು ಬಡಗಿಗೆ ಸಲ್ಲತಕ್ಕದ್ದು. ಮುಂಬಾಗಿಲಿಗೆ ತೇಗದ ಕೆತ್ತನೆ ಮಾಡಿಸಿ ಹಿತ್ತಲ ಬಾಗಿಲಿಗೆ ತಗಡು ಹೊಡೆಸಿದ ಮನೆಗಳು ನಮ್ಮ ಬಡಾವಣೆಗಳಲ್ಲಿ ಎಷ್ಟಿಲ್ಲ! ತಾರಸಿಯ ಬಾಗಿಲಂತೂ ಬಟ್ಟೆ ಒಣಗಿಸುವವರ ಕೃಪೆಯಿಂದ ಹಗಲೆಲ್ಲ ತೆರೆದೇ ಇರುತ್ತದೆ. ಚಿಲಕದ ಕೊಂಡಿಯನ್ನು ಹಿಡಿದಿರುವ ಮೊಳೆಗಳು ಚೌಕಟ್ಟಿನ ಮರದೊಳಕ್ಕೆ ಎಷ್ಟು ಆಳ ಇಳಿದಿವೆ ಎಂಬುದನ್ನು ಒಮ್ಮೆ ಬಿಚ್ಚಿಸಿ ನೋಡಿ. ಅರ್ಧ ಅಂಗುಲದ ತಿರುಪುಮೊಳೆಯ ಮೇಲೆ ಸಾವಿರಾರು ರೂಪಾಯಿಯ ಬೀಗ ನೇತಾಡುತ್ತಿರುವುದನ್ನು ಕಂಡರೆ ನಗು ಬಂದೀತು. ಒಡವೆಯ ವಿಷಯದಲ್ಲಿ ಒಂದೇ ಮಾತು: ದಿನವೂ ಧರಿಸದ ಚಿನ್ನಕ್ಕೆ ಬ್ಯಾಂಕಿನ ಲಾಕರೇ ಸ್ಥಳ. ಅಲ್ಲಿಯೂ ಬೆಂಕಿ, ಕಳವು, ನೌಕರರ ಮೋಸಗಳಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರರಷ್ಟೆಂದು ರಿಸರ್ವ್ ಬ್ಯಾಂಕಿನ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ ಎಂಬುದು ತಿಳಿದಿರಲಿ.

ಇನ್ನು ಯಂತ್ರಕ್ಕೆ ಬರೋಣ.

ಸಾಮಾನ್ಯ ಮನೆಗೆ ಬೇಕಾದ ಅಲಾರಮಿನಲ್ಲಿ ನಾಲ್ಕು ಅಂಗಗಳು: ಕಾಣುವ ಸೆನ್ಸರುಗಳು, ತೀರ್ಮಾನಿಸುವ ಪ್ಯಾನೆಲ್, ಕೂಗುವ ಸೈರನ್, ದೂರದವರಿಗೆ ಸುದ್ದಿ ಮುಟ್ಟಿಸುವ ಫೋನಿನ ಸಂಪರ್ಕ. ಸೆನ್ಸರುಗಳಲ್ಲಿ ಅತಿ ಸರಳವಾದುದೂ ಅತಿ ನಂಬಿಕೆಗೆ ತಕ್ಕುದೂ ಬಾಗಿಲಿನ ಅಯಸ್ಕಾಂತದ ಸ್ವಿಚ್ಚು. ಗಾಜಿನ ಸಣ್ಣ ನಳಿಗೆಯೊಳಗೆ ತೆಳುವಾದ ಎರಡು ಕಬ್ಬಿಣದ ಪಟ್ಟಿಗಳು. ಅವು ಚೌಕಟ್ಟಿನ ಮೇಲೆ. ಕದದ ಮೇಲೆ ಒಂದು ಅಯಸ್ಕಾಂತ. ಕದ ಮುಚ್ಚಿರುವಾಗ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕದ ಸರಿದರೆ ಬೇರೆಯಾಗುತ್ತವೆ, ಸುದ್ದಿ ಹೋಗುತ್ತದೆ. ಇದನ್ನು 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್ವುಡ್ ಟೆಲಿಫೋನಿನ ಕೆಲಸಕ್ಕೆಂದು ಕಂಡುಹಿಡಿದ. ಬೆಲೆ ಕಡಿಮೆ, ಆಯುಸ್ಸು ದೀರ್ಘ. ಆದರೆ ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ಮರದ ಬಾಗಿಲಿನ ಮುಂದೆ ಕಬ್ಬಿಣದ ಗ್ರಿಲ್ಲೋ ಮಡಿಸುವ ಗೇಟೋ ಇರುತ್ತದಲ್ಲ, ಅದರ ಮೇಲೆ ಮಾಮೂಲಿ ಸ್ವಿಚ್ಚನ್ನು ಅಂಟಿಸಿದರೆ ಕಬ್ಬಿಣವು ಅಯಸ್ಕಾಂತದ ಬಲವನ್ನು ತನ್ನತ್ತ ಎಳೆದುಕೊಂಡು ಬಿಡುತ್ತದೆ. ಗೇಟು ಮುಚ್ಚಿದ್ದರೂ ತೆರೆದಿದೆಯೆಂದೇ ಅಲಾರಂ ತಿಳಿಯುತ್ತದೆ. ಕಬ್ಬಿಣದ ಬಾಗಿಲಿಗೆಂದೇ ಮಾಡಿದ ದಪ್ಪನೆಯ ಸ್ವಿಚ್ಚು ದೊರೆಯುತ್ತದೆ. ಅದನ್ನೇ ಕೇಳಿ ಹಾಕಿಸಿ.

ಎರಡನೆಯದು ಕೋಣೆಯ ಮೂಲೆಯಲ್ಲಿ ಕುಳಿತು ಓಡಾಟವನ್ನು ಗುರುತಿಸುವ ಸೆನ್ಸರ್. ಅಂಗಡಿಯವರು ಇದನ್ನು ‘ಪಿ.ಐ.ಆರ್.’ ಎನ್ನುತ್ತಾರೆ. ಇದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ; ಮೈಯ ಬಿಸಿಯಿಂದ ಹೊರಡುವ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ತನ್ನ ಎದುರಿನ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಸರಿದಾಗ ಎಚ್ಚರಗೊಳ್ಳುತ್ತದೆ. ಆದುದರಿಂದ ನೇರವಾಗಿ ತನ್ನತ್ತ ನಡೆದು ಬರುವವನಿಗಿಂತ ಅಡ್ಡಹಾಯುವವನನ್ನು ಬೇಗ ಹಿಡಿಯುತ್ತದೆ. ಕೋಣೆಯ ಮೂಲೆಯಲ್ಲಿ, ನೆಲದಿಂದ ಸುಮಾರು ಏಳು ಅಡಿ ಎತ್ತರದಲ್ಲಿ, ಬಾಗಿಲಿನಿಂದ ಬೀರುವಿನ ಕೋಣೆಗೆ ಹೋಗುವ ದಾರಿ ಅಡ್ಡಲಾಗುವಂತೆ ಇರಿಸಬೇಕು. ಬಿಸಿಲು ಬೀಳುವ ಕಿಟಕಿಗೆ ಎದುರಾಗಿ, ಗಾಳಿಗೆ ತೂಗಾಡುವ ಪರದೆಯ ಮುಂದೆ, ದೀಪ ಉರಿಯುವ ದೇವರ ಗೂಡಿನತ್ತ ಮುಖಮಾಡಿ ಇಡಬಾರದು. ಗಾಜಿನಾಚೆಗೆ ಇದು ಕಾಣದು. ಕಿಟಕಿಯ ಹೊರಗಿನವನನ್ನು ಹಿಡಿದೀತೆಂದು ನಂಬಬೇಡಿ.

ಪರದೇಶದ ಕೈಪಿಡಿಗಳಲ್ಲಿ ಬರೆಯದ ಎರಡು ವಿಷಯಗಳನ್ನು ಇಲ್ಲಿ ಹೇಳಬೇಕು. ಒಂದು, ನಮ್ಮ ಹಲ್ಲಿ. ಹತ್ತು ಅಡಿ ದೂರದ ಹಲ್ಲಿಯಿಂದ ಬಾಧೆಯಿಲ್ಲ. ಅದು ಸೆನ್ಸರಿನ ಮುಖದ ಮೇಲೆಯೇ ಹರಿದಾಡಿದರೆ ಯಂತ್ರದ ಪಾಲಿಗೆ ಅದೊಂದು ಆನೆ. ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಹಲ್ಲಿ ಬರುತ್ತದೆ, ಹಲ್ಲಿಗೆ ಸೈರನ್ ಕೂಗುತ್ತದೆ. ಆದುದರಿಂದ ಟ್ಯೂಬ್‌ಲೈಟಿನ ಪಕ್ಕದಲ್ಲಿ ಸೆನ್ಸರ್ ಬೇಡವೇ ಬೇಡ. ತಂತಿ ತೂರಿಸಿದ ರಂಧ್ರವನ್ನೂ ಮೇಣದಿಂದಲೋ ಅಂಟಿನಿಂದಲೋ ಮುಚ್ಚಿಸಬೇಕು. ಇನ್ನೊಂದು, ನಮ್ಮ ಬೇಸಿಗೆ. ಈ ಸೆನ್ಸರ್ ಕಾಣುವುದು ಮೈಯ ಬಿಸಿಗೂ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಹೊರಗಿನ ತಾಪ 40 ಡಿಗ್ರಿ ದಾಟಿದ ಮಧ್ಯಾಹ್ನ, ಮುಚ್ಚಿದ ಮನೆಯ ಗೋಡೆಯೂ ಮನುಷ್ಯನ ಮೈಯಷ್ಟೇ ಕಾದಿರುವಾಗ, ಅದರ ಕಣ್ಣು ಮಂಜಾಗುತ್ತದೆ. ತಾಪಕ್ಕೆ ತಕ್ಕಂತೆ ತನ್ನ ಸೂಕ್ಷ್ಮತೆಯನ್ನು ತಿದ್ದಿಕೊಳ್ಳುವ ಸೆನ್ಸರುಗಳಿವೆ. ಆ ಕಡೆಯವರು ಅವನ್ನೇ ಕೊಳ್ಳುವುದು ಲೇಸು. ಬಾಗಿಲಿನ ಅಯಸ್ಕಾಂತಕ್ಕಾದರೋ ಬೇಸಿಗೆಯ ಗೊಡವೆಯಿಲ್ಲ.

ಸೈರನ್ನಿನ ಬಗ್ಗೆ ಒಂದು ಚಿಕ್ಕ ಲೆಕ್ಕ. ಪೆಟ್ಟಿಗೆಯ ಮೇಲೆ ‘110 ಡೆಸಿಬೆಲ್’ ಎಂದಿದ್ದರೆ ಅದು ಒಂದು ಮೀಟರ್ ದೂರದ ಮಾತು. ದೂರ ಎರಡರಷ್ಟಾದಾಗಲೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಹಾಗಾದರೆ 32 ಮೀಟರಿನಾಚೆಗೆ 80 ಉಳಿಯಿತು. ಎದುರುಮನೆಯವರು ಗಾಜಿನ ಕಿಟಕಿ ಮುಚ್ಚಿಕೊಂಡು ಮಲಗಿದ್ದರೆ ಇನ್ನೂ ಇಪ್ಪತ್ತು ಇಪ್ಪತ್ತೈದು ಕಳೆಯಿರಿ. ಉಳಿದ ಐವತ್ತೈದು ಅರವತ್ತು ಎಂದರೆ ಇಬ್ಬರು ಮಾತನಾಡುವಷ್ಟು ಸದ್ದು. ಮೇಲೆ ಫ್ಯಾನು ತಿರುಗುತ್ತಿರುತ್ತದೆ, ಯಾರದೋ ಮನೆಯ ದೂರದರ್ಶನ ಹಾಡುತ್ತಿರುತ್ತದೆ. ಸೈರನ್ನನ್ನು ಹಾಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರೆ ಅದರ ಆರ್ಭಟವನ್ನು ಕೇಳುವವನು ಕಳ್ಳನೊಬ್ಬನೇ. ಒಳಗೊಂದು ಇರಲಿ, ಕಳ್ಳನ ಧೈರ್ಯ ಕುಂದಿಸಲು. ಹೊರಗೆ, ಕೈಗೆಟುಕದ ಎತ್ತರದಲ್ಲಿ, ಬೀದಿಗೆ ಮುಖಮಾಡಿ ಇನ್ನೊಂದು ಬೇಕು. ಮೂರರಿಂದ ಐದು ನಿಮಿಷ ಕೂಗಿ ತಾನೇ ನಿಲ್ಲುವಂತೆ ಹೊಂದಿಸಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ವಿಧಿಸಿರುವ ಮಿತಿ 45 ಡೆಸಿಬೆಲ್. ನೀವು ತಿರುಪತಿಯಲ್ಲಿರುವಾಗ ನಿಮ್ಮ ಮನೆ ಬೆಳಗಿನವರೆಗೂ ಕಿರುಚುತ್ತಿದ್ದರೆ ನೆರೆಯವರು ಕಳ್ಳನಿಗಿಂತ ನಿಮ್ಮ ಮೇಲೆಯೇ ದೂರು ಕೊಟ್ಟಾರು.

ವಿದ್ಯುತ್ತಿನದು ನಮ್ಮ ಹಳೆಯ ಗೋಳು. ಬಹಳ ಮನೆಗಳಲ್ಲಿ ಮೀಟರ್ ಬೋರ್ಡು ಹೊರಗೆ, ಗೇಟಿನ ಬಳಿಯೋ ಮೆಟ್ಟಿಲ ಕೆಳಗೋ ಇರುತ್ತದೆ. ಸ್ವಿಚ್ಚು ಎಳೆದೊಡನೆ ಮಲಗುವ ಅಲಾರಂ ಯಾರಿಗೆ ಬೇಕು? ಪ್ಯಾನೆಲ್ಲಿನೊಳಗೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುವುದುಂಟು. ಸೆನ್ಸರು, ಪ್ಯಾನೆಲ್ಲುಗಳೆಲ್ಲ ಸೇರಿ ಕಾಲು ಆಂಪಿಯರ್ ಎಳೆದರೆ ಲೆಕ್ಕದಲ್ಲಿ 28 ಗಂಟೆ ಬಾಳಬೇಕು. ಮೂರು ವರ್ಷ ಹಳೆಯದಾದ ಬ್ಯಾಟರಿಯಿಂದ ಅದರ ಅರ್ಧ ದೊರೆತರೆ ಪುಣ್ಯ. ಇನ್ನು ಸುದ್ದಿ ಮುಟ್ಟಿಸುವ ದಾರಿ. ವೈ-ಫೈಯನ್ನು ಮಾತ್ರ ನಂಬಿದ ಅಲಾರಮಿಗೆ ಬ್ಯಾಟರಿ ಇದ್ದರೂ ರೌಟರಿಗೆ ಇಲ್ಲದಿದ್ದರೆ ಅದು ಮೂಕನಾಗುತ್ತದೆ; ರೌಟರನ್ನೂ ಇನ್ವರ್ಟರಿಗೆ ಸೇರಿಸಬೇಕು. ಸಿಮ್ ಕಾರ್ಡಿನ ಅಲಾರಂ ಕೊಂಡವರು ಮರೆಯುವುದು ಇನ್ನೊಂದನ್ನು: ಪೆಟ್ಟಿಗೆಯೊಳಗಿನ ಸಿಮ್ಮಿಗೂ ರೀಚಾರ್ಜು ಬೇಕೆಂಬುದನ್ನು. ಬಹುಕಾಲ ಬಳಸದ ಸಿಮ್ಮನ್ನು ಕಂಪನಿಯವರು ನಿಲ್ಲಿಸಿಬಿಡುತ್ತಾರೆ. ಎರಡು ದಾರಿಯೂ ಇರುವ ಯಂತ್ರಕ್ಕೆ ಒಂದಿಷ್ಟು ಹೆಚ್ಚು ತೆತ್ತರೂ ನಷ್ಟವಿಲ್ಲವೆಂದು ನಮ್ಮ ಅಭಿಪ್ರಾಯ.

ತಂತಿಯದೋ ತಂತಿಯಿಲ್ಲದ್ದೋ ಎಂಬ ಚರ್ಚೆಗೆ ಬಹಳ ಕಾಲ ವ್ಯಯಿಸಬೇಕಾಗಿಲ್ಲ. ಮನೆ ಕಟ್ಟಿಸುತ್ತಿದ್ದರೆ ಗೋಡೆಗೆ ಗಾರೆ ಬೀಳುವ ಮುಂಚೆ ಪೈಪು ಹಾಕಿಸಿ ತಂತಿಯದನ್ನೇ ಮಾಡಿಸಿರಿ. ಮತ್ತೆ ಅದರ ಚಿಂತೆಯಿಲ್ಲ. ಬಾಡಿಗೆಯ ಮನೆಯವರಿಗೂ ಕಟ್ಟಿ ಮುಗಿದ ಮನೆಯವರಿಗೂ ತಂತಿಯಿಲ್ಲದ್ದೇ ಗತಿ. ಆದರೆ ಅದರ ಪ್ರತಿಯೊಂದು ಸೆನ್ಸರಿನಲ್ಲಿಯೂ ಒಂದೊಂದು ಪುಟ್ಟ ಬ್ಯಾಟರಿ ಇರುತ್ತದೆ, ಅದು ತೀರುತ್ತದೆ. ತೀರುವ ಮುನ್ನ ಪ್ಯಾನೆಲ್ಲಿಗೆ ತಿಳಿಸುವ ಜಾತಿಯದನ್ನೇ ಆರಿಸಬೇಕು. ತೀರ ಅಗ್ಗದ ಪೆಟ್ಟಿಗೆಗಳಲ್ಲಿ ರಿಮೋಟು ಪ್ರತಿಸಲವೂ ಒಂದೇ ಸಂಕೇತವನ್ನು ಕಳಿಸುತ್ತದೆ. ಅದನ್ನು ಗಾಳಿಯಲ್ಲಿ ಕದ್ದು ಕೇಳಿ ಮತ್ತೆ ನುಡಿಸುವುದು ಬಲ್ಲವನಿಗೆ ಕಷ್ಟವಲ್ಲ. ಸಂಕೇತ ಪ್ರತಿಸಲವೂ ಬದಲಾಗುತ್ತದೆಯೇ ಎಂದು ಕೇಳಿ. ಅಂಗಡಿಯವರು ಅರಿಯದವರಂತೆ ನೋಡಿದರೆ ಮುಂದಿನ ಅಂಗಡಿಗೆ ನಡೆಯಿರಿ. ಜೋಡಿಸಿದವರು ಬಿಟ್ಟುಹೋದ ‘1234’ ಎಂಬ ಗುಪ್ತಸಂಖ್ಯೆಯನ್ನು ಅವರು ಗೇಟು ದಾಟುವ ಮೊದಲೇ ಬದಲಿಸಬೇಕು. ಕ್ಯಾಮೆರಾ ಹಾಕಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕ್ಯಾಮೆರಾ ಎಂಬುದು ಸಾಕ್ಷಿ, ಅಲಾರಂ ಕೂಗು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ನೆರೆಮನೆಯ ಸ್ನಾನದ ಮನೆಯತ್ತ ಕ್ಯಾಮೆರಾ ತಿರುಗಿಸಿಟ್ಟು ನೆರೆಯವರ ಸಹಾಯವನ್ನೂ ನಿರೀಕ್ಷಿಸುವುದು ಅನುಚಿತ.

ನೆರೆಯವರ ಪ್ರಸ್ತಾಪ ಬಂದುದು ಒಳ್ಳೆಯದಾಯಿತು. ಅಮೆರಿಕದಲ್ಲಿ ಪೊಲೀಸರಿಗೆ ಬರುವ ಅಲಾರಂ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಳ್ಳು ಕರೆಗಳೆಂದು ಲೆಕ್ಕ. ಓಡಿ ಓಡಿ ಬೇಸತ್ತ ಸಾಲ್ಟ್ ಲೇಕ್ ಪಟ್ಟಣದವರು 2000ದ ಡಿಸೆಂಬರಿನಲ್ಲಿ ಒಂದು ಕಟ್ಟಲೆ ಮಾಡಿದರು: ಯಾರಾದರೂ ಹೋಗಿ ನೋಡಿ ನಿಜವೆಂದು ಹೇಳುವವರೆಗೆ ಪೊಲೀಸರು ಬರುವುದಿಲ್ಲ. ಶ್ರೀಮಂತ ರಾಷ್ಟ್ರದಲ್ಲಿಯೇ ಹೀಗೆಂದ ಮೇಲೆ ಮೂರು ಬಾರಿ ಬೆಕ್ಕಿಗೆ, ಎರಡು ಬಾರಿ ಹಲ್ಲಿಗೆ ಕೂಗಿದ ನಮ್ಮ ಸೈರನ್ನಿಗೆ ಆರನೆಯ ಬಾರಿ ಎದುರುಮನೆಯ ರಾಯರು ಹೊದಿಕೆ ಸರಿಸಿ ಏಳುವರೆಂದು ಎಣಿಸುವುದು ಹೇಗೆ? ಸುಳ್ಳು ಕೂಗನ್ನು ತಪ್ಪಿಸುವುದಕ್ಕಾಗಿಯೇ ಇಷ್ಟು ಹೊತ್ತು ಹಲ್ಲಿ, ಪರದೆ, ಬಿಸಿಲುಗಳ ವಿಚಾರ ಮಾಡಿದ್ದು. ಸೆನ್ಸರುಗಳ ಸಂಖ್ಯೆ ಹೆಚ್ಚಿದಷ್ಟೂ ಭದ್ರವೆಂದು ಅಂಗಡಿಯವರು ಹೇಳುವರು; ಸರಿಯಾದ ಜಾಗದಲ್ಲಿ ನಾಲ್ಕು ಇದ್ದರೆ ಸಣ್ಣ ಮನೆಗೆ ಬೇಕಾದಷ್ಟಾಯಿತು.

ಅಲಾರಂ ಹಾಕಿಸಿದ ದಿನ ಎಡಬಲದ ಮನೆಗಳವರನ್ನೂ ಎದುರುಮನೆಯವರನ್ನೂ ಕಾಫಿಗೆ ಕರೆಯಿರಿ. ಸೈರನ್ನನ್ನು ಒಮ್ಮೆ ಕೂಗಿಸಿ ತೋರಿಸಿ. ಇದು ಕೂಗಿದರೆ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂಬುದನ್ನು ಹೇಳಿ. ಅವರ ಮನೆಗೂ ನೀವು ಹಾಗೆಯೇ ಆಗುವಿರೆಂದು ಮಾತು ಕೊಡಿ. ಊರಿಗೆ ಹೋಗುವಾಗ ಒಬ್ಬರಿಗೆ ತಿಳಿಸಿ, ಹತ್ತಿರದ ಠಾಣೆಗೂ ಒಂದು ಮಾತು ಹೇಳಿ ಹೋಗಬೇಕು. ಕೂಗು ಕೇಳಿ ಬಂದವರು ಬಾಗಿಲು ತಳ್ಳಿ ಒಳಗೆ ನುಗ್ಗಬಾರದು. ದೀಪ ಹಾಕಿ, ದೂರದಿಂದ ಗದ್ದಲ ಮಾಡಿ, 112ಕ್ಕೆ ಕರೆ ಮಾಡಬೇಕು. ಓಡಲು ದಾರಿಯಿರುವ ಕಳ್ಳ ಓಡುತ್ತಾನೆ. ದಾರಿಯಿಲ್ಲದವನ ಕೈಯಲ್ಲಿ ಕಬ್ಬಿಣದ ಸಲಾಕೆ ಇರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 331ನೆಯ ಕಲಮು, ಕಳವಿನ ಉದ್ದೇಶದಿಂದ ಹಗಲು ಮನೆಮುರಿದವನಿಗೆ ಹತ್ತು ವರ್ಷ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮುರಿದವನಿಗೆ ಹದಿನಾಲ್ಕು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆನ್ನುತ್ತದೆ. ಶಿಕ್ಷೆ ಕೊಡಲು ನ್ಯಾಯಾಲಯವಿದೆ, ಎದುರುಮನೆಯ ರಾಯರಲ್ಲ. ಕಳ್ಳ ಹೋದ ಮೇಲೆಯೂ ಪೊಲೀಸರು ಬಂದು ಬೆರಳಚ್ಚು ತೆಗೆಯುವವರೆಗೆ ಬೀರುವನ್ನೂ ಬಾಗಿಲನ್ನೂ ಯಾರೂ ಮುಟ್ಟಕೂಡದು.

ಮನೆಯೊಳಗಿನವರ ಬಗ್ಗೆಯೂ ಯೋಚಿಸಬೇಕು. ವೃದ್ಧರಿರುವ ಮನೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದುದು ಹಾಸಿಗೆಯ ಪಕ್ಕದ ಒಂದು ಗುಂಡಿ. ಒತ್ತಿದರೆ ಸೈರನ್ ಕೂಗಬೇಕು, ಮಗಳ ಫೋನೂ ಬಡಿಯಬೇಕು. ಎದೆನೋವಿಗೂ ಅದೇ ಗುಂಡಿ ಆಗುತ್ತದೆ. ಅವರು ಬಾಗಿಲು ತೆರೆದು ಒಳಬಂದು ಸಂಖ್ಯೆ ಒತ್ತಲು ಮೂವತ್ತು ಸೆಕೆಂಡು ಸಾಲದು, ಅರವತ್ತಕ್ಕೆ ಏರಿಸಿರಿ. ಗುಪ್ತಸಂಖ್ಯೆ ಮರೆತುಹೋದೀತೆಂಬ ಹೆದರಿಕೆಯಿಂದ ಅಲಾರಮನ್ನು ಹಚ್ಚುವುದನ್ನೇ ಬಿಟ್ಟ ಹಿರಿಯರು ಬಹಳ ಮಂದಿ. ಅಂಥವರಿಗೆ ಬೀಗದ ಕೈ ಗೊಂಚಲಿಗೆ ಕಟ್ಟುವ ರಿಮೋಟೇ ಸರಿ.

ಮನೆಗೆಲಸದಾಕೆಯ ವಿಷಯವನ್ನು ಕೊಂಚ ಒತ್ತಿ ಹೇಳಬೇಕೆನಿಸುತ್ತದೆ. ಮನೆಯಲ್ಲಿ ಒಂದು ಚಮಚ ಕಾಣದಾದರೂ ನಮ್ಮ ಕಣ್ಣು ಮೊದಲು ಹೊರಳುವುದು ಆಕೆಯತ್ತ. ಅಲಾರಂ ಬಂದ ಮೇಲೆ ಆ ಗುಮಾನಿಗೆ ಯಂತ್ರದ ಬಲವೂ ಸೇರಿಕೊಳ್ಳುತ್ತದೆ: ಅವಳಿಗೆ ಸಂಖ್ಯೆ ಹೇಳಬಾರದು, ಅವಳು ಬಂದಾಗ ನಾವೇ ತೆರೆಯಬೇಕು, ಅವಳ ಬೆನ್ನ ಹಿಂದೆ ಒಂದು ಕ್ಯಾಮೆರಾ. ಹೀಗೆ ನಡೆಸಿಕೊಂಡವರು ಹತ್ತು ವರ್ಷದ ವಿಶ್ವಾಸವನ್ನು ಹತ್ತು ದಿನದಲ್ಲಿ ಕಳೆದುಕೊಂಡದ್ದುಂಟು. ಈಚಿನ ಪ್ಯಾನೆಲ್ಲುಗಳಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಏರ್ಪಾಡಿದೆ. ಯಾರು ಎಷ್ಟು ಹೊತ್ತಿಗೆ ಬಂದರು ಹೋದರೆಂಬುದು ಅದರಲ್ಲಿ ದಾಖಲಾಗುತ್ತದೆ. ಆಕೆಗೆ ಆಕೆಯದೇ ಒಂದು ಸಂಖ್ಯೆ ಕೊಡಿ, ಹೀಗೆ ದಾಖಲಾಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳಿ. ಏನಾದರೂ ಕಳೆದ ದಿನ ಆ ದಾಖಲೆಯೇ ಆಕೆಯ ಪರವಾಗಿ ಮಾತನಾಡೀತು. ನೀವಿಲ್ಲದಾಗ ಹಿತ್ತಲ ಬಾಗಿಲ ಬಳಿ ಅಪರಿಚಿತನನ್ನು ಕಂಡು “ಯಾರು ಬೇಕು?” ಎಂದು ಮೊದಲು ಕೇಳುವವಳೂ ಪ್ರಾಯಶಃ ಆಕೆಯೇ.

ಜೋಡಿಸುವವರನ್ನು ಆರಿಸುವಾಗ ಬೆಲೆಯ ಪಟ್ಟಿಯ ಜೊತೆಗೆ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತಾರೆ, ವರ್ಷಕ್ಕೆ ಎಷ್ಟು ಸಲ ತಾವಾಗಿ ಬಂದು ಪರೀಕ್ಷಿಸುತ್ತಾರೆ. ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಲು ಒಂದು ದಿನ ಗೊತ್ತುಮಾಡಿಕೊಳ್ಳಿ. ನೆರೆಯವರಿಗೆ ಮೊದಲೇ ತಿಳಿಸಿ, ಮೈನ್ ಸ್ವಿಚ್ಚು ಆರಿಸಿ, ಪ್ರತಿಯೊಂದು ಬಾಗಿಲನ್ನೂ ತೆರೆದು, ಪ್ರತಿಯೊಂದು ಕೋಣೆಯಲ್ಲಿಯೂ ಅಡ್ಡ ನಡೆದು ನೋಡಿರಿ. ಫೋನಿಗೆ ಸುದ್ದಿ ಬಂತೇ ಎಂಬುದನ್ನೂ ನೋಡಿರಿ. ಮಕ್ಕಳಿಗೆ ಕಳ್ಳನ ಪಾತ್ರ ಕೊಟ್ಟರೆ ಅವರು ಈ ಕೆಲಸವನ್ನು ಬಹು ಉತ್ಸಾಹದಿಂದ ಮಾಡುತ್ತಾರೆ. ಹೊಸ ಬ್ಯಾಟರಿ ಹಾಕಿದ ದಿನ ಅದರ ಬೆನ್ನಿನ ಮೇಲೆ ತಾರೀಖನ್ನು ಬರೆದಿಡಿ. ಸಿಮ್ಮಿನ ರೀಚಾರ್ಜು ಮುಗಿಯುವ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸು ಬಂದ ದಿನವನ್ನು ಗುರುತುಹಾಕುವ ಕಡೆಯೇ, ಕೆಂಪು ಶಾಯಿಯಲ್ಲಿ ಸುತ್ತಿಡಿ.